ಕಾರ್ಡು ಬಂತು, ಕಡತ ಇರಲಿ

ಅಮೆರಿಕದ ಗ್ರೀನ್ ಕಾರ್ಡ್ ಅಂಚೆಯಲ್ಲಿ ಬಂದ ವಾರ ಬಹಳಷ್ಟು ಮನೆಗಳಲ್ಲಿ ಮೊದಲು ಖಾಲಿಯಾಗುವುದು ಕಾಗದದ ಕಪಾಟು. ವರ್ಷಗಟ್ಟಲೆ ಕಾಯಿಸಿದ ಆ ಕಟ್ಟುಗಳ ಮೇಲೆ ಯಾರಿಗೂ ಪ್ರೀತಿ ಉಳಿದಿರುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಈ ಅಂಕಣಕಾರನ ಮನೆಯಲ್ಲೂ ಪತ್ನಿಯ ಕಾರ್ಡ್ ಬಂದ ಮೇಲೆ ವಿಶ್ವವಿದ್ಯಾಲಯ ಕೊಟ್ಟ ಹಳೆಯ ಐ-20ಗಳು, ಓಪಿಟಿ ಎಂಬ ವಿದ್ಯಾರ್ಥಿ ತರಬೇತಿ ಉದ್ಯೋಗದ ಕಾಲದ ಕೆಲಸದ ಪರವಾನಗಿ, ವರ್ಷದ ಸಂಬಳ ಮತ್ತು ತೆರಿಗೆ ತೋರಿಸುವ ಡಬ್ಲ್ಯು-2 ಚೀಟಿಗಳು, ಬಾಡಿಗೆ ಕರಾರು, ಲಗ್ನಪತ್ರಿಕೆ ಎಲ್ಲವೂ ಊಟದ ಮೇಜಿಗೆ ಬಂದವು. "ಇನ್ನೇನ್ರೀ, ಎಲ್ಲಾ ಹರಿದು ಹಾಕೋಣ" ಅಂದಳು ಆಕೆ. ಒಂದೊಂದನ್ನೇ ಓದುತ್ತ ಹೋದಂತೆ ಹರಿಯಬಹುದಾದದ್ದು ತೀರಾ ಕಡಿಮೆ ಎಂದು ಇಬ್ಬರಿಗೂ ತಿಳಿಯಿತು.

ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ ಸಿಕ್ಕಿದ್ದು ಆಕೆಯ ವಿದ್ಯಾರ್ಥಿ ದಿನಗಳ ಕಟ್ಟಿನಲ್ಲಿ. ಎಫ್-1 ವೀಸಾದಲ್ಲಿ ಬಂದವರು ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ ಅನಿವಾಸಿಗಳು. ಆ ಅವಧಿಯಲ್ಲಿ ಓಪಿಟಿ ಮೇಲೆ ದುಡಿದರೂ ಸಂಬಳದಿಂದ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ ಹಿಡಿಯುವಂತಿಲ್ಲ. ಎರಡೂ ಸೇರಿ 7.65%, ವರ್ಷಕ್ಕೆ 60,000 ಡಾಲರ್ ಸಂಬಳವಿದ್ದರೆ 4,590 ಡಾಲರ್. ಆಕೆಯ ಮೊದಲ ಕಂಪನಿ ಅದನ್ನು ಹಿಡಿದಿತ್ತು. ಡಬ್ಲ್ಯು-2 ಚೀಟಿಯ 4 ಮತ್ತು 6ನೇ ಚೌಕಗಳನ್ನು ನೋಡಿದರೆ ಸಾಕು, ಸೊನ್ನೆ ಇರಬೇಕಾದ ಕಡೆ ಅಂಕಿಗಳಿರುತ್ತವೆ. ಮೊದಲು ಕಂಪನಿಯನ್ನೇ ಕೇಳಬೇಕು. ಅವರು ಕೊಡದಿದ್ದರೆ 843 ಮತ್ತು 8316 ನಮೂನೆಗಳನ್ನು ತುಂಬಿ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕಳಿಸಬೇಕು. ಆಗ ಜೊತೆಗೆ ಲಗತ್ತಿಸಬೇಕಾದದ್ದು ಇದೇ ಹಳೆಯ ಐ-20, ದೇಶಕ್ಕೆ ಬಂದ ದಾಖಲೆಯಾದ ಐ-94, ವೀಸಾ ಪುಟ, ಕೆಲಸದ ಪರವಾನಗಿಯ ಪ್ರತಿ. ಆ ವರ್ಷದ ರಿಟರ್ನ್ ಗಡುವಿನಿಂದ ಸಾಮಾನ್ಯವಾಗಿ 3 ವರ್ಷದೊಳಗೆ ಕೇಳಬೇಕು. ಹೊಸ ಕಾರ್ಡಿನ ಖುಷಿಯಲ್ಲಿ ವಿದ್ಯಾರ್ಥಿ ಕಟ್ಟನ್ನು ಎಸೆದವರು ಈ ಹಣವನ್ನೂ ಅದರ ಜೊತೆಗೇ ಎಸೆದಿರುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಆಕೆಯ ಕಾರ್ಡಿನ ಅವಧಿ 2 ವರ್ಷ ಮಾತ್ರ. ಕಾಯಂ ವಾಸದ ಹಕ್ಕು ಸಿಕ್ಕ ದಿನ ಮದುವೆಗೆ 2 ವರ್ಷ ತುಂಬಿರದಿದ್ದರೆ ಷರತ್ತಿನ ಕಾರ್ಡನ್ನೇ ಕೊಡುತ್ತಾರೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಐ-751 ಅರ್ಜಿ ಹಾಕಬೇಕು. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ ಅದರ ಶುಲ್ಕ 750 ಡಾಲರ್. ಸಂಸಾರ ನಿಜಕ್ಕೂ ನಡೆಯುತ್ತಿದೆ ಎಂಬುದಕ್ಕೆ ಅಲ್ಲಿ ಪುರಾವೆ ಬೇಕು: ಜಂಟಿ ಖಾತೆಯ ಸ್ಟೇಟ್‌ಮೆಂಟು, ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ತೆರಿಗೆ ರಿಟರ್ನ್, ವಿಮೆಯ ನಾಮಿನಿ ಪುಟ. ಶಿವಮೊಗ್ಗದ ಕಲ್ಯಾಣ ಮಂಟಪದ ಫೋಟೋಗಳಿಗೂ ಜಾಗವಿದೆ, ಆದರೆ ಹಣ ಒಟ್ಟಿಗೆ ಓಡಾಡಿದ ಕಾಗದಕ್ಕೆ ತೂಕ ಹೆಚ್ಚು. ಬ್ಯಾಂಕ್ ಬದಲಿಸುವವರು ಖಾತೆ ಮುಚ್ಚುವ ಮುನ್ನ ಹಳೆಯ ಸ್ಟೇಟ್‌ಮೆಂಟುಗಳನ್ನು ಇಳಿಸಿಕೊಳ್ಳಬೇಕು. ಮುಚ್ಚಿದ ಮೇಲೆ ಪಡೆಯುವುದು ತಲೆನೋವು.

ಓದದೆ ಸಹಿ ಹಾಕುವ ಕಾಗದ ಯಾವುದೆಂದರೆ ಐ-864. ನಾಗರಿಕನಾದ ಅಂಕಣಕಾರ ಇದರಲ್ಲಿ ತನ್ನ ಪತ್ನಿಯ ಬದುಕಿಗೆ ಫೆಡರಲ್ ಬಡತನ ರೇಖೆಯ 125% ಮಟ್ಟದ ಆಸರೆ ಕೊಡುವುದಾಗಿ ಸರ್ಕಾರದ ಜೊತೆ ಕರಾರು ಮಾಡಿಕೊಂಡಿದ್ದಾನೆ. ವಿಚ್ಛೇದನವಾದರೂ ಅದು ಮುಗಿಯುವುದಿಲ್ಲ. ಆಕೆ ಅಮೆರಿಕದ ನಾಗರಿಕಳಾಗಬೇಕು, ಇಲ್ಲವೇ 40 ತ್ರೈಮಾಸಿಕಗಳ ದುಡಿಮೆ ಲೆಕ್ಕಕ್ಕೆ ಬರಬೇಕು, ಇಲ್ಲವೇ ಕಾರ್ಡ್ ಬಿಟ್ಟು ಈ ದೇಶದಿಂದ ಹೊರಟುಹೋಗಬೇಕು, ಅಥವಾ ಇಬ್ಬರಲ್ಲಿ ಒಬ್ಬರ ಸಾವು. ಇಷ್ಟು ದೀರ್ಘ ಹೊಣೆಯ ಪ್ರತಿ ಗಂಡನ ಕಂಪ್ಯೂಟರಿನಲ್ಲಿ ಮಾತ್ರ ಇದ್ದರೆ ಅದು ನ್ಯಾಯವಲ್ಲ. ಹೆಂಡತಿಯ ಕೈಯಲ್ಲೂ ಒಂದು ಪ್ರತಿ ಇರಬೇಕು, ಜಗಳವಿಲ್ಲದ ದಿನಗಳಲ್ಲೇ.

ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ವಿಷಯ ಚಿಕ್ಕದು. ವಿದ್ಯಾರ್ಥಿ ಕಾಲದ ಕಾರ್ಡಿನ ಮೇಲೆ, ಗೃಹ ಭದ್ರತಾ ಇಲಾಖೆಯ ಅನುಮತಿ ಇದ್ದರೆ ಮಾತ್ರ ಕೆಲಸ ಎಂಬ ಸಾಲು ಇರುತ್ತದೆ. ಗ್ರೀನ್ ಕಾರ್ಡ್ ತೋರಿಸಿ ಆ ಸಾಲಿಲ್ಲದ ಕಾರ್ಡ್ ಪಡೆಯಬಹುದು. ಸಂಖ್ಯೆ ಅದೇ, ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಡಬ್ಲ್ಯು-2ಗಳನ್ನು ಮಾತ್ರ ಪಿಂಚಣಿ ಶುರುವಾಗುವವರೆಗೆ ಇಟ್ಟುಕೊಳ್ಳಬೇಕು. ದುಡಿಮೆಯ ದಾಖಲೆಯಲ್ಲಿ ತಪ್ಪಿದ್ದರೆ ತೋರಿಸಲು ಬೇರೆ ಆಧಾರ ಸುಲಭಕ್ಕೆ ಸಿಗದು, ಭಾರತದೊಂದಿಗೆ ಈ ದೇಶಕ್ಕೆ ಸಾಮಾಜಿಕ ಭದ್ರತಾ ಒಪ್ಪಂದವೂ ಇಲ್ಲ. ಊರಿನ ದುಡಿಮೆ ಇಲ್ಲಿಯ ಪಿಂಚಣಿಗೆ ಬೇಕಾದ 40 ಕ್ರೆಡಿಟ್‌ಗೆ ಸೇರುವುದಿಲ್ಲ.

ಊರಿನ ಕಾಗದಗಳದ್ದೂ ಒಂದು ದೊಡ್ಡ ಪಾಲಿದೆ. ಕಾಲೇಜಿನ ದಿನಗಳಲ್ಲಿ ತೆರೆದ ಉಳಿತಾಯ ಖಾತೆ, ಅಪ್ಪ ಮಗಳ ಹೆಸರಿನಲ್ಲಿ ಹಾಕಿದ ಮ್ಯೂಚುವಲ್ ಫಂಡ್, ಪಿಪಿಎಫ್ ಪಾಸ್‌ಬುಕ್. ಗ್ರೀನ್ ಕಾರ್ಡ್ ಉಳ್ಳವರ ಆದಾಯ ಜಗತ್ತಿನ ಎಲ್ಲೇ ಹುಟ್ಟಿದರೂ ಅಮೆರಿಕದ ರಿಟರ್ನ್‌ನಲ್ಲಿ ಕಾಣಿಸಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ಆ ಖಾತೆಗಳ ವರದಿಯಾದ ಎಫ್‌ಬಿಎಆರ್ ಸಲ್ಲಿಸಬೇಕು, ಅದರ ದಾಖಲೆಗಳನ್ನು 5 ವರ್ಷ ಕಾಯ್ದಿಡಬೇಕು. ಫಂಡ್ ಅಥವಾ ನಿವೇಶನ ಮಾರುವ ದಿನ ಲಾಭ ಲೆಕ್ಕ ಹಾಕಲು ಕೊಂಡ ದಿನದ ಬೆಲೆ ಬೇಕು, ಆ ದಿನದ ಡಾಲರ್ ದರದಲ್ಲಿ. ಅಪ್ಪನ ಬೀರುವಿನಲ್ಲಿರುವ ರಸೀದಿಯ ಫೋಟೋ ಒಂದನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳಲು ಈಗಲೇ ಒಳ್ಳೆಯ ಸಮಯ.

ಹಳೆಯ ಪಾಸ್‌ಪೋರ್ಟುಗಳನ್ನು ಮುಟ್ಟುವಂತಿಲ್ಲ. ನಾಗರಿಕನ ಸಂಗಾತಿ ಒಟ್ಟಿಗೆ ಬಾಳುತ್ತಿದ್ದರೆ 3 ವರ್ಷಕ್ಕೆ, ಉಳಿದವರು 5 ವರ್ಷಕ್ಕೆ ನಾಗರಿಕತ್ವ ಕೇಳಬಹುದು. ಎನ್-400 ಅರ್ಜಿಗೆ ಆನ್‌ಲೈನಿನಲ್ಲಿ 710, ಕಾಗದದಲ್ಲಾದರೆ 760 ಡಾಲರ್. ಅಲ್ಲಿ ದೇಶದಿಂದ ಹೊರಗೆ ಹೋದ ಪ್ರತಿ ಪ್ರವಾಸದ ದಿನಾಂಕ ಕೇಳುತ್ತಾರೆ. ಮುದ್ರೆಗಳೂ ವಿಮಾನ ಟಿಕೆಟಿನ ಇಮೇಲುಗಳೂ ಅದಕ್ಕೆ ಬೇಕು. ಜನನ ಮತ್ತು ವಿವಾಹ ನೋಂದಣಿ ಪತ್ರಗಳ ಮೂಲ ಪ್ರತಿ ಜೀವನಪೂರ್ತಿ ಇರಲಿ.

ಕೊನೆಗೆ ಶ್ರೆಡ್ಡರ್‌ಗೆ ಹೋದದ್ದು ಅರ್ಜಿಗಳ ಹಳೆಯ ಕರಡುಗಳು, ಎರಡೆರಡು ಪ್ರತಿಗಳು, ಕೊರಿಯರ್ ಚೀಟಿಗಳು. ಅವುಗಳಲ್ಲೂ ಏಲಿಯನ್ ನಂಬರ್, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದರಿಂದ ಹಾಗೆಯೇ ಕಸದ ಡಬ್ಬಿಗೆ ಹಾಕುವುದು ಅಪಾಯ. ಆಗಲೇ ಎಲ್ಲ ಎಸೆದುಬಿಟ್ಟವರಿಗೆ ಎರಡು ದಾರಿಗಳಿವೆ. ಐಆರ್‌ಎಸ್‌ನಿಂದ ತೆರಿಗೆ ಟ್ರಾನ್‌ಸ್ಕ್ರಿಪ್ಟ್ ಉಚಿತವಾಗಿ ಸಿಗುತ್ತದೆ. ವಲಸೆ ಇಲಾಖೆಯಲ್ಲಿ ನಿಮ್ಮ ಹೆಸರಿನ ಕಡತದ ಪ್ರತಿಯನ್ನು ಮಾಹಿತಿ ಹಕ್ಕಿನ ಕಾಯ್ದೆಯಡಿ ಆನ್‌ಲೈನಿನಲ್ಲಿ ಕೇಳಬಹುದು. ಅರ್ಜಿ ಹಾಕಲು ಶುಲ್ಕವಿಲ್ಲ. ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ನಾಗರಿಕತ್ವದ ಅರ್ಜಿಗೆ ಕೈ ಹಾಕುವ ಬಹಳ ಮುಂಚೆಯೇ ಕೇಳಿಡಿ.