ಆರಿಹೋಗುವ ಗಣಕಯಂತ್ರ: ಲಕ್ಷಣದಿಂದ ಕಾರಣದವರೆಗೆ

ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿಗೆ ಹೋಗಿ ಶಾಸನವೊಂದರ ಪಾಠವನ್ನು ಬರೆದುಕೊಂಡು ಬಂದ ವಿದ್ಯಾರ್ಥಿಯೊಬ್ಬನು ಅದನ್ನು ವಿಭಾಗದ ಗಣಕಯಂತ್ರದಲ್ಲಿ ಬೆರಳಚ್ಚು ಮಾಡುತ್ತಿದ್ದಾನೆಂದು ಭಾವಿಸಬಹುದು. ನಲವತ್ತು ಸಾಲು ಮುಗಿದಿವೆ, ಕಡತವನ್ನು ಉಳಿಸಿಲ್ಲ. ತೆರೆ ಒಮ್ಮೆಲೇ ಕಪ್ಪಾಗುತ್ತದೆ, ಫ್ಯಾನಿನ ಸದ್ದು ಅಡಗುತ್ತದೆ. ಗುಂಡಿ ಒತ್ತಿದರೆ ಯಂತ್ರ ಮತ್ತೆ ಚಾಲೂ ಆಗಿ, ಹತ್ತು ನಿಮಿಷಕ್ಕೆ ಮತ್ತೆ ಆರುತ್ತದೆ. ಬರೆದ ಸಾಲುಗಳು ಅಲ್ಲಿಯವರೆಗೆ ಇದ್ದುದು ‘ರ‍್ಯಾಮ್’ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ. ವಿದ್ಯುತ್ತು ತಪ್ಪಿದೊಡನೆ ಆ ಸ್ಮೃತಿ ಬರಿದಾಗುತ್ತದೆ. ಹೀಗಾಗಿ ಈ ದೋಷದ ಕಾರಣವನ್ನು ಹುಡುಕುವ ಕ್ರಮ ಕನ್ನಡ ಐಚ್ಛಿಕ ವಿದ್ಯಾರ್ಥಿಗೂ ತಿಳಿದಿರಬೇಕಾದ ವಿದ್ಯೆ.

1. ಲಕ್ಷಣಕ್ಕೆ ಸರಿಯಾದ ಹೆಸರು

ರಿಪೇರಿ ಅಂಗಡಿಯಲ್ಲಿ ‘ಕಂಪ್ಯೂಟರ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಕೆಲಸಗಾರನಿಗೆ ಏನೂ ತಿಳಿಯದು. ನಾಲ್ಕು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ವಿದ್ಯುತ್ತು ಪೂರ್ತಿ ತಪ್ಪಿ ಫ್ಯಾನು, ದೀಪ ಎಲ್ಲವೂ ನಿಂತರೆ ಅದು ಆರುವುದು. ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾದರೆ ಅದು ಮರುಚಾಲನೆ. ತೆರೆಯ ಮೇಲಿನ ಚಿತ್ರ ಹಾಗೆಯೇ ಉಳಿದು ಕೀಲಿಮಣೆಗೆ ಸ್ಪಂದಿಸದಿದ್ದರೆ ಅದು ಸ್ತಬ್ಧವಾಗುವುದು. ಫ್ಯಾನು ತಿರುಗುತ್ತಿದ್ದು ತೆರೆ ಮಾತ್ರ ಕಪ್ಪಾದರೆ ದೋಷ ಮಾನಿಟರಿನಲ್ಲಿಯೋ ಅದರ ತಂತಿಯಲ್ಲಿಯೋ ಇರಬಹುದು.

ಹಿಂದೂಪುರ, ಕಲ್ಯಾಣದುರ್ಗಗಳಂಥ ದ್ವಿಭಾಷಾ ಪರಿಸರದಲ್ಲಿ ಇಲ್ಲೊಂದು ಎಚ್ಚರ ಅಗತ್ಯ. ತೆಲುಗಿನ ‘ಆಗಿಪೋಯಿಂದಿ’ ಎಂದರೆ ನಿಂತುಹೋಯಿತು ಎಂದರ್ಥ. ಕನ್ನಡದ ‘ಆಗಿಹೋಯಿತು’ ಎಂದರೆ ಮುಗಿದುಹೋಯಿತು, ನಡೆದುಹೋಯಿತು ಎಂದರ್ಥ. ತೆಲುಗಿನಲ್ಲಿ ‘ಆಗು’ ನಿಲ್ಲುವುದನ್ನು ಸೂಚಿಸಿದರೆ ಕನ್ನಡದಲ್ಲಿ ಅದೇ ರೂಪ ಉಂಟಾಗುವುದನ್ನು ಸೂಚಿಸುತ್ತದೆ. ‘ಆರು’ ಧಾತುವಾದರೋ ಎರಡೂ ಭಾಷೆಗಳಲ್ಲಿ ನಂದುವ ಅರ್ಥವನ್ನೇ ಕೊಡುತ್ತದೆ. ಮರಾಠಿಯಲ್ಲಿ ತಾನಾಗಿ ನಿಂತುಹೋದರೆ ‘ಬಂದ್ ಪಡಲಾ’, ಯಾರಾದರೂ ನಿಲ್ಲಿಸಿದರೆ ‘ಬಂದ್ ಕೇಲಾ’ ಎಂಬ ಭೇದವಿದೆ. ಯಂತ್ರ ತಾನಾಗಿ ನಿಂತಿತೋ, ಯಾರಾದರೂ ನಿಲ್ಲಿಸಿದರೋ ಎಂಬುದೇ ಪರೀಕ್ಷೆಯ ಮೊದಲ ಪ್ರಶ್ನೆಯಾದ್ದರಿಂದ ಈ ಭೇದ ಇಲ್ಲಿ ಬಹಳ ಉಪಯುಕ್ತ.

ಇನ್ನೊಂದು ಗೊಂದಲ ‘ಸಿಪಿಯು’ ಎಂಬ ಪದದ್ದು. ರೂಢಿಯಲ್ಲಿ ಇಡೀ ಪೆಟ್ಟಿಗೆಗೆ ಆ ಹೆಸರಿದೆ. ನಿಜವಾದ ಸಿಪಿಯು ಆ ಪೆಟ್ಟಿಗೆಯೊಳಗೆ ಮದರ್‌ಬೋರ್ಡಿನ ಮೇಲೆ ಕೂತ ಪುಟ್ಟ ಬಿಲ್ಲೆ. ‘ಸಿಪಿಯು ಬಿಸಿಯಾಗಿದೆ’ ಎಂಬ ಮಾತಿಗೆ ಹೀಗೆ ಎರಡು ಅರ್ಥಗಳುಂಟು.

2. ಕಾಲದ ಸಾಕ್ಷ್ಯ

ಯಂತ್ರ ಎಷ್ಟು ಹೊತ್ತಿಗೆ ಆರುತ್ತದೆ ಎಂಬುದನ್ನು ಗಡಿಯಾರ ನೋಡಿ ಬರೆದಿಡಬೇಕು. ಚಾಲೂ ಮಾಡಿದ ಒಂದೆರಡು ಕ್ಷಣದಲ್ಲೇ ಆರಿದರೆ ವಿದ್ಯುತ್ ಪೂರೈಕೆಯಲ್ಲಿ ಅಥವಾ ಮದರ್‌ಬೋರ್ಡಿನಲ್ಲಿ ದೋಷವಿರಬಹುದು. ಪ್ರತಿಸಲವೂ ಸುಮಾರು ನಾಲ್ಕು ಸೆಕೆಂಡಿಗೆ ಸರಿಯಾಗಿ ಆರಿದರೆ ಚಾಲನೆಯ ಗುಂಡಿಯನ್ನು ಸಂಶಯಿಸಬೇಕು. ಆ ಗುಂಡಿಯನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆರುವಂತೆ ವ್ಯವಸ್ಥೆಯಿದೆ, ಧೂಳು ಸೇರಿ ಗುಂಡಿ ಒಳಗೇ ಸಿಕ್ಕಿಕೊಂಡರೂ ಅದೇ ಆಗುತ್ತದೆ. ಐದರಿಂದ ಇಪ್ಪತ್ತು ನಿಮಿಷದೊಳಗೆ ಆರಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನಡೆಯುವುದಾದರೆ ಶಾಖವೇ ಕಾರಣವಾಗಿರುವ ಸಂಭವ ಹೆಚ್ಚು. ಹೊತ್ತುಗೊತ್ತಿಲ್ಲದೆ ಆರಿದರೆ ಹೊರಗಿನ ವಿದ್ಯುತ್ತನ್ನು ಮೊದಲು ನೋಡಬೇಕು.

3. ಹೊರಗಿನಿಂದ ಒಳಕ್ಕೆ

ಪರೀಕ್ಷೆಯ ಕ್ರಮ ಯಾವಾಗಲೂ ಸುಲಭವಾದುದರಿಂದ ಕಷ್ಟವಾದುದಕ್ಕೆ, ಹೊರಗಿನಿಂದ ಒಳಕ್ಕೆ ಸಾಗಬೇಕು. ಗೋಡೆಯ ಸಾಕೆಟ್ಟಿನಲ್ಲಿ ಪ್ಲಗ್ಗು ಸಡಿಲವಾಗಿದೆಯೇ, ಪೆಟ್ಟಿಗೆಯ ಹಿಂದಿನ ತಂತಿ ಭದ್ರವಾಗಿದೆಯೇ ಎಂದು ನೋಡಬೇಕು. ನಮ್ಮ ದೇಶದ ಗೃಹಬಳಕೆಯ ವಿದ್ಯುತ್ತು 230 ವೋಲ್ಟಿನದು. ಬೋರ್‌ವೆಲ್ ಮೋಟಾರುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿದು ಕೋಣೆಯ ದೀಪ ಮಂಕಾದಾಗಲೇ ಯಂತ್ರವೂ ಆರಿದರೆ ಕಾರಣ ಹೊರಗಿದೆ ಎಂದು ತಿಳಿಯಬಹುದು.

ಮುಂದಿನದು ಯುಪಿಎಸ್. ಅದರೊಳಗಿನ ಸೀಸ-ಆಮ್ಲದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ; ಸೆಕೆ ಹೆಚ್ಚಾದಷ್ಟೂ ಆಯುಷ್ಯ ಕಡಿಮೆ. ಕರೆಂಟು ಹೋದ ಕ್ಷಣವೇ ಯಂತ್ರ ಆರಿದರೆ ಬ್ಯಾಟರಿ ಸತ್ತಿದೆ ಎಂದರ್ಥ. ಯುಪಿಎಸ್ಸನ್ನು ಬಿಟ್ಟು ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿ ಅರ್ಧ ತಾಸು ನಡೆಸಿದರೆ ದೋಷ ಯಾವುದರಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

4. ಧೂಳು ಮತ್ತು ಶಾಖ

ಹಿಂದೂಪುರ ಇಂದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿದೆ. 2022ರವರೆಗೆ ಎರಡೂ ಒಂದೇ ಜಿಲ್ಲೆಗೆ ಸೇರಿದ್ದವು. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಕಾಣುವ ಈ ಮಳೆನೆರಳಿನ ಸೀಮೆಯಲ್ಲಿ ಬೇಸಗೆಯ ಬಿಸಿಲು, ಆಷಾಢದ ಗಾಳಿ, ಒಣ ಹೊಲದ ಧೂಳು ಎಲ್ಲರಿಗೂ ಪರಿಚಿತ. ಆ ಧೂಳು ಪೆಟ್ಟಿಗೆಯೊಳಗೆ ಹೊಕ್ಕು ಸಿಪಿಯುವಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಹತ್ತಿಯಂತೆ ಕೂರುತ್ತದೆ. ಗಾಳಿ ಆಡದೆ ಬಿಲ್ಲೆ ಕಾಯುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ಮೊದಲು ತನ್ನ ವೇಗವನ್ನು ತಗ್ಗಿಸುತ್ತದೆ. ಆಮೇಲೂ ತಣಿಯದಿದ್ದರೆ ಸುಡದಂತೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಈ ಸಂದರ್ಭದಲ್ಲಿ ಆರುವುದು ರೋಗವಲ್ಲ, ರಕ್ಷಣೆ.

ಶುಚಿಗೊಳಿಸುವ ಮುನ್ನ ಪ್ಲಗ್ಗನ್ನು ಕಿತ್ತು, ಚಾಲನೆಯ ಗುಂಡಿಯನ್ನು ಕೆಲವು ಕ್ಷಣ ಒತ್ತಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಕೂಡದು. ಧೂಳು ತೆಗೆದ ಮೇಲೂ ಬಿಸಿಯಾಗುವುದಾದರೆ ಸಿಪಿಯುವಿಗೂ ಲೋಹದ ರೆಕ್ಕೆಗೂ ನಡುವೆ ಹಚ್ಚಿದ ಶಾಖವಾಹಕ ಲೇಪ ಒಣಗಿರಬಹುದು; ಅದನ್ನು ಅನುಭವಿಗಳಿಂದ ಹೊಸದಾಗಿ ಹಚ್ಚಿಸಬೇಕು.

5. ಎಸ್‌ಎಂಪಿಎಸ್ ಮತ್ತು ಉಳಿದ ಭಾಗಗಳು

ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಉಪಕರಣ ಎಸ್‌ಎಂಪಿಎಸ್. ಈ ಪ್ರಮಾಣಗಳಲ್ಲಿ ಶೇಕಡ 5ರಷ್ಟು ಏರಿಳಿತ ಮಾತ್ರ ಸಹ್ಯ. 12 ವೋಲ್ಟು 11.4ಕ್ಕಿಂತ ಕೆಳಗೆ ಇಳಿಯಬಾರದು. ಹಳೆಯ ಎಸ್‌ಎಂಪಿಎಸ್ ಭಾರವಿಲ್ಲದಾಗ ಸರಿಯಾದ ಅಳತೆ ತೋರಿಸಿ, ಕೆಲಸದ ಭಾರ ಬಿದ್ದಾಗ ಕುಸಿಯುವುದುಂಟು. ಆದ್ದರಿಂದ ಚೆನ್ನಾಗಿರುವ ಇನ್ನೊಂದನ್ನು ಜೋಡಿಸಿ ನೋಡುವುದೇ ನಂಬಲರ್ಹ ಪರೀಕ್ಷೆ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ವಿದ್ಯಾರ್ಥಿಗಳು ಎಂದೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು.

ಮದರ್‌ಬೋರ್ಡಿನ ಮೇಲೆ ಉರುಳೆಯಾಕಾರದ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಥವಾ ದ್ರವ ಸೋರಿದ್ದರೆ ಬೋರ್ಡು ಕೆಟ್ಟಿದೆ ಎನ್ನಬಹುದು. ರ‍್ಯಾಮ್ ಸಡಿಲವಾಗಿದ್ದರೆ ಸಾಮಾನ್ಯವಾಗಿ ಬೀಪ್ ಸದ್ದೋ ಮರುಚಾಲನೆಯೋ ಕಾಣುತ್ತದೆ. ಪೂರ್ತಿ ಆರುವುದು ಕಡಿಮೆ. ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯನ್ನು ಹಲವರು ದೂರುತ್ತಾರೆ. ಅದು ಮುಗಿದರೆ ದಿನಾಂಕ, ಸಮಯ ತಪ್ಪುತ್ತವೆಯೇ ಹೊರತು ನಡೆಯುತ್ತಿರುವ ಯಂತ್ರ ಸಾಮಾನ್ಯವಾಗಿ ಆರುವುದಿಲ್ಲ.

6. ಒಂದು ಸಲಕ್ಕೆ ಒಂದು ಬದಲಾವಣೆ

ಇಡೀ ಶೋಧನೆಯ ಸೂತ್ರ ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ಬರೆದಿಡಬೇಕು. ಎಸ್‌ಎಂಪಿಎಸ್ಸನ್ನೂ ರ‍್ಯಾಮನ್ನೂ ಒಟ್ಟಿಗೆ ಬದಲಿಸಿ ಯಂತ್ರ ಸರಿಹೋದರೆ ದೋಷ ಯಾವುದರದೆಂದು ತಿಳಿಯದು, ಹಣವೂ ಇಮ್ಮಡಿ. ಗ್ರಂಥಸಂಪಾದನೆಯಲ್ಲಿ ಪ್ರತಿಯೊಂದು ಪಾಠಾಂತರವನ್ನು ಬೇರೆಯಾಗಿ ಪರಿಶೀಲಿಸಿ, ಸ್ವೀಕಾರಕ್ಕೆ ಕಾರಣ ಕೊಡುವ ವಿದ್ಯಾರ್ಥಿಗೆ ಈ ಶಿಸ್ತು ಹೊಸದೇನಲ್ಲ.

ಯಂತ್ರ ಸರಿಯಾಗುವವರೆಗೂ, ಆದ ಮೇಲೂ, ಪ್ರತಿ ಪರಿಚ್ಛೇದದ ಕೊನೆಗೆ ಕಂಟ್ರೋಲ್ ಎಸ್ ಒತ್ತುವ ರೂಢಿ ಬೇಕು. ವರ್ಡ್ ತಂತ್ರಾಂಶ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ನಕಲು ಇಡುತ್ತದೆ. ಆ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಬಹುದು. ದಿನದ ಕೊನೆಗೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇರಲೇಬೇಕು. ಎಸ್‌ಎಂಪಿಎಸ್ ಅಂಗಡಿಯಲ್ಲಿ ಸಿಗುತ್ತದೆ. ಊರಿನ ಹಿರಿಯರೊಬ್ಬರು ಒಂದೇ ಸಲ ಹೇಳಿದ ಗಡಿನಾಡ ಕನ್ನಡದ ಮಾತು ಮತ್ತೆ ಸಿಗುವ ಭರವಸೆಯಿಲ್ಲ.

ಅಭ್ಯಾಸ

1. ಆರುವುದು, ಮರುಚಾಲನೆ, ಸ್ತಬ್ಧವಾಗುವುದು: ಇವುಗಳ ವ್ಯತ್ಯಾಸವನ್ನು ನಿಮ್ಮ ಊರಿನ ಆಡುಮಾತಿನಲ್ಲಿ ತಿಳಿಸಿರಿ.
2. ಯಂತ್ರವೊಂದು ಹದಿನೈದು ನಿಮಿಷಕ್ಕೆ ಆರಿ, ಅರ್ಧ ತಾಸಿನ ಬಳಿಕ ಮತ್ತೆ ನಡೆಯುತ್ತದೆ. ಪರೀಕ್ಷೆಯ ಕ್ರಮವನ್ನು ಬರೆಯಿರಿ.
3. ‘ಆಗು’ ಧಾತುವಿನಂತೆ ಕನ್ನಡ ಮತ್ತು ತೆಲುಗುಗಳಲ್ಲಿ ರೂಪ ಒಂದೇ ಆಗಿದ್ದು ಅರ್ಥ ಬೇರೆಯಾಗಿರುವ ಐದು ಪದಗಳನ್ನು ಸಂಗ್ರಹಿಸಿರಿ.