ಕೆಟ್ಟುಹೋದ ಭಂಡಾರವನ್ನು ಏನು ಮಾಡಬೇಕು?

ಪ್ರಶ್ನೆ: ನನ್ನ ತವರು ಹುಕ್ಕೇರಿ, ಅತ್ತಿಯವರ ಊರು ಮೂಡಲಗಿ ಕಡೆ. ಈಗ ಗೋಕಾಕದಾಗ ಮಾಡಿ ಮ್ಯಾಲಿನ ಮನಿಯಾಗ ಇದ್ದೀವಿ. ಮಾವನವರು ಹೋದ ವರ್ಷ ಪಟ್ಟಣಕೊಡೋಲಿ ಜಾತ್ರಿಯಿಂದ ತಂದ ಭಂಡಾರ ಮಳಿಗಾಲದಾಗ ಬೂಸ್ಟು ಹಿಡಿದಿತ್ತು. ತಿಳೀಲಾರದ ಕಸದ ಗಾಡಿಗೆ ಹಾಕಿಬಿಟ್ಟೆ. ಮಾವನವರು ಈಗಿಲ್ಲ. ಅತ್ತಿಯವರು ನನ್ನ ಜೋಡಿ ಮಾತು ಬಿಟ್ಟಾರ. ಇದಕ್ಕ ದೋಷ ಐತೇನ್ರಿ?
— ಒಬ್ಬ ಓದುಗಿ, ಗೋಕಾಕ

ಉತ್ತರ: ತಂಗಿ, ಮೊದಲು ಹೆದರಿಕೆ ಬಿಡಿರಿ. ತಿಳಿಯದೆ ಆದದ್ದಕ್ಕೆ ದೇವರು ಮುನಿಯುವುದಿಲ್ಲ. ದೇವರ ಮುಂದೆ ದೀಪ ಹಚ್ಚಿ, 'ತಪ್ಪಾತು' ಎಂದು ಕೈಮುಗಿದರೆ ಸಾಕು. ದೊಡ್ಡ ಶಾಂತಿ, ಹೋಮ ಬೇಕಿಲ್ಲ.

ಭಂಡಾರ ಎಂದರೆ ಅರಿಷಿಣದ ಪುಡಿ. ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ದಸರಾ ಕಳೆದ ಮೇಲೆ ವಿಠ್ಠಲ ಬೀರದೇವರ ಜಾತ್ರೆ ತಲೆಮಾರುಗಳಿಂದ ನಡೆದುಬಂದಿದೆ. ಸೋಲಾಪುರ ಜಿಲ್ಲೆಯ ಅಂಜನಗಾವದಿಂದ ಫರಾಂಡೆ ಬಾಬಾ ನಡೆದುಕೊಂಡೇ ಬರುತ್ತಾರೆ. ಮಳೆ-ಬೆಳೆಯ ಭಾಕಣೂಕ, ಅಂದರೆ ಭವಿಷ್ಯ ನುಡಿಯುತ್ತಾರೆ. ಕುರುಬರು, ಧನಗರರು 'ಚಾಂಗಭಲೋ' ಎನ್ನುತ್ತ ಭಂಡಾರ, ಉಣ್ಣೆ, ಒಣಕೊಬ್ಬರಿ, ಉತ್ತತ್ತಿ ತೂರುತ್ತಾರೆ. ಅಲ್ಲಿ ನೆಲ, ಜನ ಎಲ್ಲ ಹಳದಿ. ಎಲ್ಲರ ಮೈಮೇಲೂ ಬೀಳುವ ಅದೇ ಪುಡಿಯನ್ನು ಚಿಟಿಕೆಯಷ್ಟು ಗಂಟು ಕಟ್ಟಿ ಮನೆಗೆ ತಂದರೆ ಅದು ಪ್ರಸಾದ.

ಇನ್ನು ಮುಂದೆ ಹೀಗೆ ಮಾಡಿರಿ. ಭಂಡಾರವನ್ನು ಒಣ ಡಬ್ಬಿಯಲ್ಲಿ ಇಡಿರಿ. ಒದ್ದೆ ಕೈ ಹಾಕಬೇಡಿರಿ. ದಿನಾ ಹಣೆಗೆ ಹಚ್ಚಿಕೊಳ್ಳಿರಿ. ಮುಂದಿನ ಜಾತ್ರೆಯವರೆಗೆ ಮುಚ್ಚಿಡಲು ತಂದದ್ದಲ್ಲ ಅದು. ಕೆಟ್ಟರೆ ತುಳಸಿ ಕುಂಡವನ್ನು ಬಿಟ್ಟು, ಯಾರೂ ತುಳಿಯದ ಕಡೆ ಗಿಡದ ಬುಡದ ಮಣ್ಣಿನಲ್ಲಿ ಮುಚ್ಚಿರಿ. ಘಟಪ್ರಭೆಗೆ ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುವುದು ವಿಸರ್ಜನೆಯಲ್ಲ. ಕೊಳ್ಳುವಾಗಲೂ ನೋಡಿರಿ: ಬಣ್ಣ ಕಲಸಿದ ಪುಡಿ ಬೇಡ, ಕಣ್ಣು ಉರಿಯುತ್ತದೆ. ನಿಮ್ಮ ಸೀಮೆಯಲ್ಲೇ ಅರಿಷಿಣ ಬೆಳೆಯುತ್ತದಲ್ಲ, ಹೊಲದ ಕೊಂಬು ಕುಟ್ಟಿಸಿ ಒಯ್ದರೆ ಇನ್ನೂ ಚಲೋ.

ಒಂದು ಮಾತು ಉಳಿಯಿತು. ನಿಮ್ಮತ್ತೆಯವರು ಅಳುತ್ತಿರುವುದು ಪುಡಿಗಲ್ಲ. ಯಜಮಾನರು ಕೈಯಾರೆ ತಂದ ಕಡೆಯ ಗಂಟು ಅದು. ಪ್ರಾಯಶ್ಚಿತ್ತ ಬೇಕೆಂದರೆ ಇಷ್ಟು ಮಾಡಿರಿ: ಅವರ ಹತ್ತಿರ ಕುಳಿತು, 'ಅತ್ತಿ, ನನಗ ಗೊತ್ತಾಗಲಿಲ್ಲ' ಅನ್ನಿರಿ. ವರ್ಷದೊಳಗೆ ಜಾತ್ರೆಗೆ ಹೋಗುವುದು ಮನೆಮನೆಯ ಪದ್ಧತಿ, ಹಿರಿಯರನ್ನು ಕೇಳಿರಿ. ಹೋಗಬಹುದು ಎಂದರೆ ಅತ್ತೆಯವರನ್ನು ಕರೆದುಕೊಂಡು ಹೋಗಿರಿ. ಹೊಸ ಭಂಡಾರದ ಗಂಟನ್ನು ಅವರ ಕೈಯಿಂದಲೇ ಕಟ್ಟಿಸಿರಿ.