ಆಟಗಾರನ ಆಯ್ಕೆ: ಪ್ರತಿಭೆಯೋ, ತಂಡದ ಅಗತ್ಯವೋ?

ಪ್ರತಿವರ್ಷ ಕಾಲೇಜು ತೆರೆದ ಕೆಲವು ವಾರಗಳಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ಅಂಗಳದ ಅಂಚಿನಲ್ಲಿ ಹೊಸ ವಿದ್ಯಾರ್ಥಿಗಳ ಒಂದು ಸಾಲು ನಿಲ್ಲುವುದನ್ನು ವಾಚಕರು ನೋಡಿರಬಹುದು. ಅವರಲ್ಲಿ ಯಾರನ್ನು ತಂಡಕ್ಕೆ ಸೇರಿಸಿಕೊಳ್ಳಬೇಕು? ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನೋ, ಅಥವಾ ತಂಡದಲ್ಲಿ ತೆರವಾಗಿರುವ ಸ್ಥಾನಕ್ಕೆ ಒಪ್ಪುವವನನ್ನೋ? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಈ ಪ್ರಶ್ನೆಗೆ ಕೊಟ್ಟ ಉತ್ತರದಿಂದ ದೊಡ್ಡ ದೊಡ್ಡ ತಂಡಗಳ ಹಣೆಬರಹವೇ ಬದಲಾದದ್ದುಂಟು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಿಂದ ಕೆಲವು ನಿದರ್ಶನಗಳನ್ನು ಆಯ್ದು ಈ ವಿಷಯವನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಅಲ್ಲಿನ ಪದ್ಧತಿಯನ್ನು ತಿಳಿಯಬೇಕು. ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘದ ತಂಡಗಳು ಹೊಸ ಆಟಗಾರರನ್ನು ತಮಗೆ ತೋಚಿದಂತೆ ಕರೆದುಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ಎಲ್ಲ ತಂಡಗಳೂ ಸೇರಿ, ಒಂದಾದ ಮೇಲೊಂದರಂತೆ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು, 1947ರಿಂದ ನಡೆದುಬಂದಿದೆ. ದುರ್ಬಲ ತಂಡಕ್ಕೆ ಮುಂಚಿನ ಸರದಿ ದೊರೆಯಬೇಕೆಂಬುದು ಇದರ ಮೂಲತತ್ತ್ವ. 1984ರವರೆಗೆ ಎರಡು ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿಯನ್ನು ನಿರ್ಣಯಿಸುತ್ತಿದ್ದರು. 1985ರಿಂದ ಚೀಟಿ ಎತ್ತುವ ಕ್ರಮ ಬಂದಿತು. ತಂಡಗಳು ತಮ್ಮ ಸರದಿಯನ್ನು ಪರಸ್ಪರ ಬದಲಾಯಿಸಿಕೊಳ್ಳಬಹುದು. ಆಡುತ್ತಿರುವ ಆಟಗಾರರನ್ನೂ ಬದಲಾಯಿಸಿಕೊಳ್ಳಬಹುದು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಅಗತ್ಯವನ್ನು ನೋಡಿ ಆರಿಸಬೇಕೆನ್ನುವವರ ವಾದ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಹಸಿದವನಿಗೆ ಮೊದಲ ರೊಟ್ಟಿ ಅಮೃತ, ನಾಲ್ಕನೆಯದು ಭಾರ. ಇದನ್ನೇ ನಾವು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವೆಂದು ಓದುತ್ತೇವೆ. ಒಳ್ಳೆಯ ಗಾರ್ಡುಗಳಿಬ್ಬರು ಇರುವ ತಂಡಕ್ಕೆ ಮೂರನೆಯ ಗಾರ್ಡಿನಿಂದ ಆಗುವ ಲಾಭ ಅಲ್ಪ. ಬುಟ್ಟಿಯ ಕೆಳಗೆ ನಿಂತು ಚೆಂಡನ್ನು ಹಿಡಿಯುವ ಎತ್ತರದ ಸೆಂಟರ್ ಇಲ್ಲದಿದ್ದರೆ, ಸಾಧಾರಣ ಸೆಂಟರ್ ಆಟಗಾರನೂ ಅಲ್ಲಿ ಬೆಲೆಬಾಳುತ್ತಾನೆ. ವಾದವೇನೋ ಸರಿಯಾಗಿಯೇ ಕಾಣುತ್ತದೆ. ಹಾಗಾದರೆ ಅನುಭವ ಏನು ಹೇಳುತ್ತದೆ?

1984ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ನಡೆದ ಡ್ರಾಫ್ಟ್ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ನಾಣ್ಯದ ಚಿಮ್ಮುವಿಕೆಯಲ್ಲಿ ಗೆದ್ದ ಹ್ಯೂಸ್ಟನ್ ತಂಡಕ್ಕೆ ಮೊದಲ ಸರದಿ, ಪೋರ್ಟ್‌ಲೆಂಡ್ ತಂಡಕ್ಕೆ ಎರಡನೆಯದು, ಷಿಕಾಗೋ ತಂಡಕ್ಕೆ ಮೂರನೆಯದು. ಪೋರ್ಟ್‌ಲೆಂಡ್ ದುರ್ಬಲ ತಂಡವಾಗಿರಲಿಲ್ಲ. ಇಂಡಿಯಾನಾ ತಂಡದ ಸರದಿಯನ್ನು ಮೊದಲೇ ಒಂದು ವಿನಿಮಯದಲ್ಲಿ ಪಡೆದುಕೊಂಡಿತ್ತು. ಅದರಲ್ಲಿ ಜಿಮ್ ಪ್ಯಾಕ್ಸನ್ ಎಂಬ ನುರಿತ ಗಾರ್ಡ್ ಇದ್ದನು. ಹಿಂದಿನ ವರ್ಷವಷ್ಟೇ ಕ್ಲೈಡ್ ಡ್ರೆಕ್ಸ್ಲರ್ ಎಂಬ ತರುಣ ಗಾರ್ಡನ್ನೂ ತೆಗೆದುಕೊಂಡಿತ್ತು. ಕೊರತೆಯಿದ್ದದ್ದು ಸೆಂಟರ್ ಸ್ಥಾನಕ್ಕೆ. 1977ರಲ್ಲಿ ಆ ತಂಡ ಚಾಂಪಿಯನ್ ಆದದ್ದೂ ಬಿಲ್ ವಾಲ್ಟನ್ ಎಂಬ ಸೆಂಟರ್ ಆಟಗಾರನ ಬಲದಿಂದ. ಆದುದರಿಂದ ಅದು 7 ಅಡಿ 1 ಅಂಗುಲ ಎತ್ತರದ ಸ್ಯಾಮ್ ಬೋವಿಯನ್ನು ಆರಿಸಿಕೊಂಡಿತು. ಷಿಕಾಗೋಗೆ ಉಳಿದವನು ಮೈಕೇಲ್ ಜೋರ್ಡನ್.

ಮುಂದಿನ ಕಥೆ ಲೋಕವಿದಿತ. ಜೋರ್ಡನ್ ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 28.2 ಅಂಕ ಗಳಿಸಿದನು. 1991ರಿಂದ 1998ರೊಳಗೆ ಷಿಕಾಗೋ ಆರು ಬಾರಿ ಚಾಂಪಿಯನ್ ಆಯಿತು. ಬೋವಿ ಮೊದಲ ವರ್ಷ ಪಂದ್ಯಕ್ಕೆ 10 ಅಂಕ ಗಳಿಸಿ ಮೆಚ್ಚುವಂತೆಯೇ ಆಡಿದನು. ಆಮೇಲೆ ಕಾಲಿನ ಮೂಳೆ ಮತ್ತೆ ಮತ್ತೆ ಮುರಿದು, ಪೋರ್ಟ್‌ಲೆಂಡಿನ ಐದು ವರ್ಷಗಳಲ್ಲಿ ಅವನು ಆಡಿದ್ದು 139 ಪಂದ್ಯಗಳನ್ನು ಮಾತ್ರ. 1992ರ ಅಂತಿಮ ಸರಣಿಯಲ್ಲಿ ಪೋರ್ಟ್‌ಲೆಂಡನ್ನು ಸೋಲಿಸಿದ್ದು ಇದೇ ಜೋರ್ಡನ್ನನ ಷಿಕಾಗೋ ತಂಡ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಂತೆ, ಫಲವನ್ನು ಕಂಡ ಮೇಲೆ ನಿರ್ಣಯವನ್ನು ಹಳಿಯುವುದು ಸುಲಭ. ಬೋವಿಯ ಗಾಯ ದುರದೃಷ್ಟ; ಅದು ತತ್ತ್ವದ ಸೋಲಲ್ಲ. ಜೋರ್ಡನ್ ಕೂಡ ಎರಡನೆಯ ವರ್ಷ ಪಾದದ ಮೂಳೆ ಮುರಿದುಕೊಂಡು 18 ಪಂದ್ಯ ಮಾತ್ರ ಆಡಿದನೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬೋವಿಗೆ ಕಾಲೇಜಿನಲ್ಲಿಯೇ ಮೊಣಕಾಲಿನ ಕೆಳಗಿನ ಮೂಳೆ ಬಿರಿದು ಎರಡು ವರ್ಷ ಆಟ ತಪ್ಪಿತ್ತು. ಅದನ್ನು ತಿಳಿದೂ ಆರಿಸಿದ್ದು ಸಾಹಸವೇ ಸರಿ. ಆದರೂ ಗಾಯದ ಮಾತನ್ನು ಬದಿಗಿಟ್ಟು ಕೇಳಬೇಕಾದ ಪ್ರಶ್ನೆ ಒಂದೇ: ಅಗತ್ಯವೆಂಬ ಅಳತೆಗೋಲು ತಾನೇ ಎಷ್ಟು ನಂಬಿಕೆಗೆ ಅರ್ಹ?

ಇದಕ್ಕೆ ಅದೇ ದಿನದ ಇನ್ನೆರಡು ಆಯ್ಕೆಗಳು ಉತ್ತರ ಕೊಡುತ್ತವೆ. ಹ್ಯೂಸ್ಟನ್ ತಂಡದಲ್ಲಿ ಆಗಲೇ 7 ಅಡಿ 4 ಅಂಗುಲ ಎತ್ತರದ ರಾಲ್ಫ್ ಸ್ಯಾಂಪ್ಸನ್ ಇದ್ದನು. ಅಗತ್ಯವನ್ನೇ ನೋಡಿದ್ದರೆ ಇನ್ನೊಬ್ಬ ಸೆಂಟರ್ ಬೇಡವಾಗಿತ್ತು. ಆದರೂ ಅದು ಹಕೀಮ್ ಒಲಾಜುವಾನ್‌ನನ್ನು ಆರಿಸಿಕೊಂಡಿತು. ಇಬ್ಬರೂ ಜೊತೆಯಾಗಿ ಆಡಿ 1986ರಲ್ಲಿ ತಂಡವನ್ನು ಅಂತಿಮ ಸರಣಿಗೆ ಮುಟ್ಟಿಸಿದರು. ಸ್ಯಾಂಪ್ಸನ್ ಮೊಣಕಾಲಿನ ನೋವಿಗೆ ಸಿಕ್ಕಿ, 1987ರಲ್ಲಿ ಬೇರೆ ತಂಡಕ್ಕೆ ಹೋದನು. ಒಲಾಜುವಾನ್ 1994 ಮತ್ತು 1995ರಲ್ಲಿ ಹ್ಯೂಸ್ಟನ್‌ಗೆ ಚಾಂಪಿಯನ್ ಪಟ್ಟ ತಂದನು. ಹಾಗೆಯೇ ಯೂಟಾ ತಂಡದಲ್ಲಿ ರಿಕಿ ಗ್ರೀನ್ ಎಂಬ ಹೆಸರಾಂತ ಗಾರ್ಡ್ ಇದ್ದಾಗ, 16ನೆಯ ಸರದಿಯಲ್ಲಿ ಅದು ಜಾನ್ ಸ್ಟಾಕ್ಟನ್ ಎಂಬ ಇನ್ನೊಬ್ಬ ಗಾರ್ಡನ್ನು ತೆಗೆದುಕೊಂಡಿತು. ಸ್ಟಾಕ್ಟನ್ ಮೊದಲ ಮೂರು ವರ್ಷ ಬಹುಪಾಲು ಬದಲಿ ಆಟಗಾರನಾಗಿಯೇ ಇದ್ದನು. 2003ರಲ್ಲಿ ಅವನು ನಿವೃತ್ತನಾದಾಗ ಜೊತೆಗಾರರಿಗೆ ಅಂಕ ಒದಗಿಸಿಕೊಟ್ಟ ಪಾಸುಗಳ ಸಂಖ್ಯೆ 15,806. ಅದುವರೆಗೆ ಯಾರೂ ಮಾಡಿರದ ದಾಖಲೆ. ಇಂದಿನ ಅಗತ್ಯ ನಾಳೆ ಇರುವುದಿಲ್ಲ, ನಾಳೆಯ ಅಗತ್ಯ ಇಂದು ಕಾಣುವುದಿಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಅಗತ್ಯವನ್ನು ವಿನಿಮಯದಿಂದ ತುಂಬಿಕೊಳ್ಳಬಹುದು. ಅಸಾಧಾರಣ ಪ್ರತಿಭೆಯನ್ನು ವಿನಿಮಯಕ್ಕೆ ಯಾರೂ ಸುಲಭವಾಗಿ ಕೊಡುವುದಿಲ್ಲ. ಗೋಲ್ಡನ್ ಸ್ಟೇಟ್ ತಂಡ 2009ರಲ್ಲಿ 7ನೆಯ ಸರದಿಯಲ್ಲಿ ಸ್ಟೀಫನ್ ಕರಿಯನ್ನು ಆರಿಸಿದಾಗ, ಅಲ್ಲಿ ಮಾಂಟಾ ಎಲಿಸ್ ಎಂಬ ಗಾರ್ಡ್ ಆಗಲೇ ಇದ್ದನು. ಅಷ್ಟು ಕುಳ್ಳರಾದ ತಾವಿಬ್ಬರೂ ಕೂಡಿ ಆಡಿದರೆ ಗೆಲ್ಲುವುದಾಗದೆಂದು ಎಲಿಸನೇ ಬಹಿರಂಗವಾಗಿ ಹೇಳಿದನು. ಅವನ ಮಾತಿನಲ್ಲಿ ಸತ್ಯವಿತ್ತು. ತಂಡ 2012ರಲ್ಲಿ ಎಲಿಸನನ್ನು ಕೊಟ್ಟು ಆಂಡ್ರ್ಯೂ ಬೋಗಟ್ ಎಂಬ ಸೆಂಟರನ್ನು ಪಡೆಯಿತು. 2015ರಲ್ಲಿ ಚಾಂಪಿಯನ್ ಆಯಿತು. ಅಂದರೆ ಮೊದಲು ಪ್ರತಿಭೆ, ಅನಂತರ ಹೊಂದಾಣಿಕೆ. ಪೋರ್ಟ್‌ಲೆಂಡ್ ಕೂಡ ಕೊನೆಗೆ ಹಿಡಿದದ್ದು ಇದೇ ಹಾದಿ. 1989ರಲ್ಲಿ ಬೋವಿಯನ್ನೂ ಒಂದು ಸರದಿಯನ್ನೂ ಕೊಟ್ಟು ಬಕ್ ವಿಲಿಯಮ್ಸ್ ಎಂಬ ಗಟ್ಟಿಗನನ್ನು ಪಡೆದು, ಮರುವರ್ಷವೇ ಅಂತಿಮ ಸರಣಿ ಮುಟ್ಟಿತು.

ಎದುರು ಪಕ್ಷದವರು ಇಲ್ಲಿ ಡೆಟ್ರಾಯಿಟ್ ತಂಡವನ್ನು ಮುಂದಿಡಬಹುದು. 2003ರಲ್ಲಿ ಎರಡನೆಯ ಸರದಿ ಪಡೆದ ಡೆಟ್ರಾಯಿಟ್, ಫಾರ್ವರ್ಡ್ ಸ್ಥಾನದಲ್ಲಿ ಟೇಶಾನ್ ಪ್ರಿನ್ಸ್ ಇದ್ದಾನೆಂದು ಕಾರ್ಮೆಲೊ ಆಂಥೊನಿಯನ್ನು ಬಿಟ್ಟು, ಸೆರ್ಬಿಯದ 18 ವಯಸ್ಸಿನ ಎತ್ತರದ ಹುಡುಗ ಡಾರ್ಕೊ ಮಿಲಿಚಿಚ್‌ನನ್ನು ಆರಿಸಿಕೊಂಡಿತು. ಮರುವರ್ಷವೇ, 2004ರಲ್ಲಿ, ಚಾಂಪಿಯನ್ ಆಯಿತು! ಆದರೆ ಆ ಗೆಲುವಿನಲ್ಲಿ ಮಿಲಿಚಿಚ್‌ನ ಪಾಲು ಇಲ್ಲವೆನ್ನುವಷ್ಟು ಸ್ವಲ್ಪ. ಕೊರತೆಯನ್ನು ನಿಜವಾಗಿ ತುಂಬಿದವನು ಋತುವಿನ ಮಧ್ಯದಲ್ಲಿ ವಿನಿಮಯದಿಂದ ಬಂದ ರಶೀದ್ ವಾಲೇಸ್. ಈ ನಿದರ್ಶನ ಅವರ ವಾದಕ್ಕಿಂತ ನಮ್ಮ ವಾದವನ್ನೇ ಬಲಪಡಿಸುತ್ತದೆ. ಆದರೂ ಅದರಲ್ಲಿ ಒಂದು ಪಾಠವಿದೆ: ಹೊಂದಿಕೊಂಡು ಆಡುವ ತಂಡ ಒಂದು ತಪ್ಪು ಆಯ್ಕೆಯನ್ನು ತಾಳಿಕೊಳ್ಳಬಲ್ಲದು.

ಬ್ಯಾಸ್ಕೆಟ್‌ಬಾಲಿನಲ್ಲಿ ಪ್ರತಿಭೆಗೆ ಇಷ್ಟು ತೂಕವೇಕೆ? ಲೆಕ್ಕ ಹಾಕಿ ನೋಡೋಣ. ಅಂಗಳದಲ್ಲಿರುವವರು ಐವರು, ಅಲ್ಲಿನ ಪಂದ್ಯ 48 ನಿಮಿಷ, ಒಟ್ಟು 240 ನಿಮಿಷಗಳ ಆಟ. ಒಬ್ಬ ಉತ್ತಮ ಆಟಗಾರ 40 ನಿಮಿಷ ಆಡಿದರೆ ಆರರಲ್ಲೊಂದು ಪಾಲು ಅವನದೇ. ಕ್ರಿಕೆಟ್ಟಿನಲ್ಲಿ ಬ್ಯಾಟುಗಾರ ಔಟಾದರೆ ಕುಳಿತುಕೊಳ್ಳಬೇಕು. ಇಲ್ಲಿ ಅವನು ಮತ್ತೆ ಮತ್ತೆ ಚೆಂಡನ್ನು ಮುಟ್ಟುತ್ತಾನೆ, ಎದುರಾಳಿಯನ್ನು ತಡೆಯುತ್ತಾನೆ. ಸ್ಥಾನಗಳ ನಡುವಣ ಗೋಡೆಯೂ ಗಟ್ಟಿಯಲ್ಲ. ಗಾರ್ಡ್ ಫಾರ್ವರ್ಡ್ ಆಗಬಹುದು, ಫಾರ್ವರ್ಡ್ ಸೆಂಟರ್ ಆಗಬಹುದು.

ಹಾಗಾದರೆ ಅಗತ್ಯಕ್ಕೆ ಬೆಲೆಯೇ ಇಲ್ಲವೇ? ಇದೆ. ಇಬ್ಬರ ಯೋಗ್ಯತೆ ಹೆಚ್ಚುಕಡಿಮೆ ಸಮವಾಗಿದ್ದಾಗ ಅಗತ್ಯವೇ ತೀರ್ಪು ಹೇಳಲಿ. ಸರದಿಯಲ್ಲಿ ಕೆಳಗಿಳಿದಂತೆ ಅಂತರಗಳು ಕಿರಿದಾಗುವುದರಿಂದ, ಅಲ್ಲಿ ಅಗತ್ಯದ ಮಾತಿಗೆ ತೂಕ ಹೆಚ್ಚು. ಅಂತರ ದೊಡ್ಡದಾಗಿದ್ದಾಗ ಮಾತ್ರ ಪ್ರತಿಭೆಯನ್ನು ಬಿಟ್ಟುಕೊಡಬಾರದು.

ನಮ್ಮ ಕಾಲೇಜಿನ ಸ್ಥಿತಿ ಬೇರೆ ಎಂದು ಒಪ್ಪುತ್ತೇನೆ. ಇಲ್ಲಿ ವಿನಿಮಯವಿಲ್ಲ, ಮೂರು ವರ್ಷಕ್ಕೆ ಆಟಗಾರ ಪದವಿ ಪಡೆದು ಹೊರಟುಹೋಗುತ್ತಾನೆ. ಆದುದರಿಂದ ಅಗತ್ಯದ ವಾದಕ್ಕೆ ಇಲ್ಲಿ ಬಲ ಹೆಚ್ಚು. ಆದರೂ ಒಂದು ಮಾತನ್ನು ಮುಚ್ಚಿಡಲಾರೆ. ನಾನು ತಂಡಕ್ಕೆ ಸೇರಿದ್ದು ಎತ್ತರದಿಂದಲೇ ಹೊರತು ಆಟದಿಂದಲ್ಲ. ಅಂದು ನನ್ನ ಪಕ್ಕದಲ್ಲಿ ನಿಂತಿದ್ದ ಗೆಳೆಯ ನನಗಿಂತ ಎಷ್ಟೋ ಪಾಲು ಚೆನ್ನಾಗಿ ಆಡುತ್ತಿದ್ದನು. ಆದರೆ ಅವನ ಸ್ಥಾನಕ್ಕೆ ಆಗಲೇ ಇಬ್ಬರಿದ್ದರು. ಎರಡು ತಿಂಗಳು ಅಂಗಳದ ಹೊರಗೆ ನಿಂತು ನೋಡಿದನು; ಆಮೇಲೆ ಬರುವುದನ್ನೇ ಬಿಟ್ಟನು. ಆ ಇಬ್ಬರೂ ಮರುವರ್ಷ ಪದವಿ ಮುಗಿಸಿ ಹೋದರು. ನಾವು ಅವನನ್ನು ಹುಡುಕಿಕೊಂಡು ಹೋದಾಗ, ಅವನು ನಕ್ಕು, ಚೆಂಡು ಮುಟ್ಟಿ ಬಹಳ ದಿನವಾಯಿತೆಂದು ಹೇಳಿ ಕಳುಹಿಸಿದನು.

ಪೋರ್ಟ್‌ಲೆಂಡ್ ಕೈಬಿಟ್ಟ ಆಟಗಾರನಿಗೆ ಷಿಕಾಗೋ ಇತ್ತು. ನಾವು ಬಿಟ್ಟ ಹುಡುಗನಿಗೆ ಬೇರೆ ಅಂಗಳವಿರಲಿಲ್ಲ. ಬರುವ ವರ್ಷ ಆ ಸಾಲಿನ ಮುಂದೆ ನಿಲ್ಲುವ ನಮ್ಮ ತಂಡದವರು, ತೆರವಾದ ಸ್ಥಾನವನ್ನು ಎಣಿಸುವ ಮೊದಲು, ಎದುರಿಗೆ ಆಡುತ್ತಿರುವವನನ್ನು ಒಮ್ಮೆ ಕಣ್ತುಂಬ ನೋಡಲಿ ಎಂಬುದಿಷ್ಟೇ ನನ್ನ ಬಿನ್ನಹ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ